ನಿವಳ ತೂಕ

ಕಂಪನಿಯಲ್ಲಿ ಎಲ್ಲರೂ ಅವರನ್ನು ಎದುರಿಗೆ ಯಜಮಾನರೇ ಎನ್ನುತ್ತಿದ್ದರು, ಬೆನ್ನ ಹಿಂದೆ ಮುಳ್ಳು ಎನ್ನುತ್ತಿದ್ದರು. ತಕ್ಕಡಿಯ ನಡುವೆ ಅತ್ತಿತ್ತ ಆಡುವುದೂ ಮುಳ್ಳೇ, ಕಾಲಿಗೆ ಚುಚ್ಚುವುದೂ ಮುಳ್ಳೇ. ಈ ಅಡ್ಡಹೆಸರು ಅವರ ಕಿವಿಗೂ ಬಿದ್ದಿತ್ತು. ಇಟ್ಟವರು ಯಾರೆಂಬುದು ಮಾತ್ರ ಗೊತ್ತಾಗಿರಲಿಲ್ಲ. ಆರು ವರ್ಷದಿಂದ ಮೂವರ ಮೇಲೆ ಕಣ್ಣಿಟ್ಟಿದ್ದರು.

ಅನುಮಾನ ಅವರಿಗೆ ತಂದೆಯಿಂದ ಬಂದ ಆಸ್ತಿ. ತಂದೆ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ತಕ್ಕಡಿ ರಿಪೇರಿ ಮಾಡುತ್ತಿದ್ದರು. ಕಿಟಕಿಯಿಲ್ಲದ ಒಂದು ಕೋಣೆ, ಗೋಡೆಯುದ್ದಕ್ಕೂ ನೇತಾಡುವ ತಟ್ಟೆಗಳು, ಎಣ್ಣೆ ಮತ್ತು ತುಕ್ಕಿನ ವಾಸನೆ. ಅಂಗಡಿಯವರು ತರುವ ತೂಕದ ಬಟ್ಟುಗಳನ್ನು ತಂದೆ ಮೊದಲು ಬೋರಲು ಹಾಕುತ್ತಿದ್ದರು. ತಳಕ್ಕೆ ತೂತು ಕೊರೆದು, ಒಳಗಿನ ಸೀಸ ತೆಗೆದು, ಮೇಣ ತುಂಬಿ, ಮೇಲೆ ಮಸಿ ಬಳಿದ ಬಟ್ಟುಗಳು ವಾರಕ್ಕೆ ಎರಡಾದರೂ ಸಿಗುತ್ತಿದ್ದವು. ತಂದವರು ತಮಗೇನೂ ಗೊತ್ತೇ ಇಲ್ಲ ಎಂದು ಗಲ್ಲಕ್ಕೆ ಕೈಯಿಡುತ್ತಿದ್ದರು. ಅವರಲ್ಲಿ ಕೆಲವರು ಊರಿಗೇ ದೊಡ್ಡ ಮನುಷ್ಯರು. ಮುಖ ನೋಡಿ ಮೋಸ ಹೋಗಬಾರದು, ತಳ ನೋಡಬೇಕು ಎಂಬುದನ್ನು ಯಜಮಾನರು ಹತ್ತನೆಯ ವಯಸ್ಸಿಗೇ ಕಲಿತುಬಿಟ್ಟರು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಲೋಕವೆಲ್ಲ ಬಾಯಲ್ಲಿ ಹೇಳುತ್ತದೆ, ಅವರು ಹಾಲನ್ನೂ ಒಮ್ಮೆ ಸೋಸಿ ನೋಡುವವರಾದರು.

ಮದುವೆಯಾದ ಮೇಲೆ ಇದು ಹೆಂಡತಿಯ ನಗೆಚಾಟಿಕೆಗೆ ವಸ್ತುವಾಯಿತು. "ನಮ್ಮನೆಯವರು ಕನ್ನಡಿ ಮುಂದೆ ನಿಂತರೂ ಹಿಂದೆ ಯಾರಾದ್ರೂ ಇದಾರಾ ಅಂತ ನೋಡ್ಕೋತಾರೆ" ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದರು. ಯಜಮಾನರೂ ನಗುತ್ತಿದ್ದರು. ನಕ್ಕು, ಬಂದವರು ಹೋದ ಮೇಲೆ ಬಾಗಿಲ ಚಿಲಕ ಎರಡು ಸಲ ಎಳೆದು ನೋಡುತ್ತಿದ್ದರು.

ತಂದೆಯ ಕಾಲ ಮುಗಿದು, ಮುಳ್ಳಿನ ತಕ್ಕಡಿಗಳ ಕಾಲವೂ ಮುಗಿಯಿತು. ಯಜಮಾನರು ಲಾರಿ ತೂಗುವ ಸೇತುವೆಗಳನ್ನು ಕಟ್ಟುವ ಕೆಲಸಕ್ಕೆ ಇಳಿದರು. ನೆಲಮಟ್ಟಕ್ಕೆ ಕೂರಿಸಿದ ಉದ್ದನೆಯ ಕಬ್ಬಿಣದ ಹಾಸು, ಅದರಡಿ ಭಾರ ಗ್ರಹಿಸುವ ಸೆನ್ಸರುಗಳು, ಪಕ್ಕದಲ್ಲಿ ಕಂಪ್ಯೂಟರ್ ಇಟ್ಟ ಪುಟ್ಟ ಕೋಣೆ. ತುಂಬಿದ ಲಾರಿ ಬಂದು ನಿಲ್ಲುತ್ತದೆ, ತೂಕ ದಾಖಲಾಗುತ್ತದೆ. ಸರಕು ಇಳಿಸಿ ಖಾಲಿ ಲಾರಿ ಮತ್ತೆ ಬರುತ್ತದೆ. ಒಂದರಿಂದ ಇನ್ನೊಂದನ್ನು ಕಳೆದು ಕಂಪ್ಯೂಟರು ಚೀಟಿ ಮುದ್ರಿಸುತ್ತದೆ. ಕೇಳಲು ಇಷ್ಟೇ. ಆದರೆ ನಿಂತ ಲಾರಿ ನಿಜವಾಗಿ ನಿಲ್ಲುವುದೇ ಇಲ್ಲ. ಎಂಜಿನ್ ಅದುರುತ್ತದೆ, ಗಾಳಿ ತಳ್ಳುತ್ತದೆ, ಚಾಲಕ ಸೀಟಿನಲ್ಲಿ ಹೊರಳುತ್ತಾನೆ. ಆ ಅದುರಾಟದ ನಡುವೆ ಖರೆ ಅಂಕಿಯನ್ನು ಹಿಡಿಯುವುದೇ ತಂತ್ರಾಂಶದ ಕಸುಬು. ಯಜಮಾನರ ತಂತ್ರಾಂಶ ಈ ಕಸುಬಿನಲ್ಲಿ ಎತ್ತಿದ ಕೈ ಎನಿಸಿತ್ತು. ಜಲ್ಲಿಯವರು, ಗುಜರಿಯವರು, ಧಾನ್ಯದ ಗೋದಾಮಿನವರು ಎಲ್ಲರೂ ಅವರಲ್ಲಿಗೇ ಬರುತ್ತಿದ್ದರು.

ಇಂಥ ಒಡವೆ ಕೈಯಲ್ಲಿದ್ದ ಮೇಲೆ ಕಾವಲು ಬೇಡವೇ? ಕೆಲಸಕ್ಕೆ ಸೇರುವ ಪ್ರತಿಯೊಬ್ಬರೂ ಒಂಬತ್ತು ಪುಟದ ಕರಾರಿಗೆ ಪುಟಪುಟಕ್ಕೂ ಸಹಿ ಹಾಕಬೇಕಿತ್ತು. ಕಂಪನಿಯಲ್ಲಿ ಬರೆದದ್ದು ಕಂಪನಿಯದು, ಮನೆಯಲ್ಲಿ ಬರೆದದ್ದೂ ಕಂಪನಿಯದು, ಬಿಟ್ಟುಹೋದ ಮೇಲೆ ಮೂರು ವರ್ಷ ತೂಕದ ಕೆಲಸವನ್ನು ಬೇರೆಲ್ಲೂ ಮಾಡಕೂಡದು. ಕನಸಿನಲ್ಲಿ ಬರೆದರೂ ಬೆಳಿಗ್ಗೆ ತಂದು ಒಪ್ಪಿಸಬೇಕು ಎಂದು ಹುಡುಗರು ತಮಾಷೆ ಮಾಡುತ್ತಿದ್ದರು. ಸಂಜೆ ಗೇಟಿನಲ್ಲಿ ಕಾವಲುಗಾರ ಎಲ್ಲರ ಚೀಲ ತೆರೆಸಿ ನೋಡುತ್ತಿದ್ದ. ಹಾಗಿದ್ದೂ ಒಂದು ಸೋಮವಾರ ಇಬ್ಬರು ಒಟ್ಟಿಗೆ ರಾಜೀನಾಮೆ ಕೊಟ್ಟರು.

ಒಬ್ಬ ಲಂಬು. ಎಂಟು ವರ್ಷದಿಂದ ತಂತ್ರಾಂಶ ನೋಡಿಕೊಳ್ಳುತ್ತಿದ್ದವನು, ಬಾಗಿಲು ದಾಟುವಾಗಲೆಲ್ಲ ತಲೆ ತಗ್ಗಿಸುವಷ್ಟು ಎತ್ತರ. ಇನ್ನೊಬ್ಬಳು ಊರೂರು ಸುತ್ತಿ ಸೇತುವೆ ಕೂರಿಸುವ ಮೆಕ್ಯಾನಿಕ್. ಸೊಂಟದ ಚೀಲದಲ್ಲಿ ಸದಾ ನಟ್ಟು ತಿರುಗಿಸುವ ಪಾನಾ ಇಟ್ಟುಕೊಂಡಿರುತ್ತಿದ್ದುದರಿಂದ ಎಲ್ಲರ ಬಾಯಲ್ಲಿ ಅವಳು ಪಾನಾ ಆಗಿದ್ದಳು. ಲಂಬು ತಾಯಿಗೆ ಹುಷಾರಿಲ್ಲ ಎಂದ. ಪಾನಾ ತಿರುಗಾಟ ಸಾಕಾಗಿದೆ ಎಂದಳು. ಯಜಮಾನರು ತಲೆಯಾಡಿಸಿದರು. ಒಂದು ಮಾತನ್ನೂ ನಂಬಲಿಲ್ಲ.

ಅವರ ಕೊನೆಯ ದಿನ ಯಜಮಾನರೇ ಗೇಟಿನಲ್ಲಿ ನಿಂತು ಚೀಲ ನೋಡಿದರು. ಲಂಬುವಿನ ಚೀಲದಲ್ಲಿ ಊಟದ ಡಬ್ಬಿ, ಛತ್ರಿ, ಒಂದು ಜೊತೆ ಹಳೆಯ ಚಪ್ಪಲಿ. ಏನೂ ಸಿಗಲಿಲ್ಲ ಎಂಬುದೇ ಅವರ ಅನುಮಾನವನ್ನು ಇನ್ನಷ್ಟು ಗಟ್ಟಿಮಾಡಿತು. ಇಷ್ಟು ಖಾಲಿ ಚೀಲ ಹಿಡಿದು ಹೋಗುವವನು ಸರಕನ್ನು ಮೊದಲೇ ಸಾಗಿಸಿರಬೇಕು.

ಐದು ತಿಂಗಳಿಗೆ ಸುದ್ದಿ ಬಂತು. ಇಬ್ಬರೂ ಸೇರಿ ಊರ ಹೊರಗೆ ಟೈರ್ ಗೋದಾಮಿನ ಪಕ್ಕದ ಶೆಡ್ಡಿನಲ್ಲಿ ತಮ್ಮದೇ ಕಂಪನಿ ತೆರೆದಿದ್ದಾರೆ, ಜಲ್ಲಿ ಯಾರ್ಡೊಂದರಲ್ಲಿ ಆಗಲೇ ಸೇತುವೆ ಕೂರಿಸಿಯೂ ಆಗಿದೆ. ಯಜಮಾನರು ಯಾರನ್ನೂ ಕಳಿಸಲಿಲ್ಲ. ಕಳಿಸಿದವನು ಅವರ ಕಡೆಯವನಾಗಿದ್ದರೆ? ಪರಿಚಯದ ಲಾರಿ ಚಾಲಕನ ಪಕ್ಕದಲ್ಲಿ ತಾವೇ ಟೋಪಿ ಹಾಕಿಕೊಂಡು ಕೂತರು. ಯಾರ್ಡಿನ ಧೂಳಿನಲ್ಲಿ ಅರ್ಧ ಗಂಟೆ ಸರದಿ ಕಾದರು. ಚಾಲಕ ತೂಕದ ಚೀಟಿ ತಂದು ಕೈಗಿಟ್ಟ. ಮೊದಲ ಸಾಲು, ತುಂಬಿದ ತೂಕ. ಎರಡನೆಯದು, ಖಾಲಿ ತೂಕ. ಮೂರನೆಯ ಸಾಲಿನಲ್ಲಿ ನಿವಳ ತೂಕ.

ನಿವ್ವಳ ಅಲ್ಲ, ನಿವಳ. ವಕಾರಕ್ಕೆ ಒತ್ತಿಲ್ಲ. ಯಜಮಾನರ ಚೀಟಿಗಳಲ್ಲಿ ಹದಿನೇಳು ವರ್ಷದಿಂದ ಹೀಗೆಯೇ ಅಚ್ಚಾಗುತ್ತಿತ್ತು. ಮೊದಮೊದಲು ಗಿರಾಕಿಗಳು ನಕ್ಕಿದ್ದರು, ಆಮೇಲೆ ಅದೇ ಅಭ್ಯಾಸವಾಗಿ ಯಾರೂ ತಿದ್ದುವ ಗೋಜಿಗೆ ಹೋಗಿರಲಿಲ್ಲ. ಈಗ ಆ ಬಿಟ್ಟುಹೋದ ಒತ್ತು ಕಳ್ಳನ ಬೆರಳಚ್ಚಿನ ಹಾಗೆ ಕಣ್ಣೆದುರಿಗಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ವಾಪಸು ಬರುವಾಗ ಯಜಮಾನರಿಗೆ ಕೋಪಕ್ಕಿಂತ ಸಮಾಧಾನವೇ ಹೆಚ್ಚಾಗಿತ್ತೆಂದರೆ ಸುಳ್ಳಲ್ಲ. ಅನುಮಾನದ ಮನುಷ್ಯನಿಗೆ ತನ್ನ ಅನುಮಾನ ನಿಜವಾದ ದಿನದಷ್ಟು ನೆಮ್ಮದಿಯ ದಿನ ಇನ್ನೊಂದಿಲ್ಲ.

ವಕೀಲೆಯ ಕಚೇರಿ ಒಂದು ಬೇಕರಿಯ ಮೇಲಿತ್ತು. ಆಕೆ ಮಾತಿಗಿಂತ ಪ್ರಶ್ನೆಗಳನ್ನೇ ಹೆಚ್ಚು ಬಳಸುವ ನಡುವಯಸ್ಸಿನ ಹೆಂಗಸು. ಚೀಟಿ ನೋಡಿದರು, ಕರಾರಿನ ಒಂಬತ್ತು ಪುಟ ಓದಿದರು. ಮೂರು ವರ್ಷ ಬೇರೆ ಕಡೆ ದುಡಿಯಬಾರದು ಎಂಬ ಮಾತನ್ನು ಕೋರ್ಟು ಎತ್ತಿಹಿಡಿಯುವುದು ಕಷ್ಟ, ಹೊಟ್ಟೆಪಾಡಿಗೆ ಬೀಗ ಹಾಕಿದ ಹಾಗಾಗುತ್ತದೆ ಎಂದರು. ಆದರೆ ತಂತ್ರಾಂಶದ ನಕಲು ಬೇರೆ ವಿಷಯ. ಸಂಬಳಕ್ಕಿರುವವನು ಕೆಲಸದ ಭಾಗವಾಗಿ ಬರೆದದ್ದು ಮಾಲೀಕನದೇ ಆಗುತ್ತದೆ. ಇಷ್ಟು ಹೇಳಿ, ಅದನ್ನು ಬರೆದವರು ಯಾರು ಎಂದು ಕೇಳಿದರು.

ಯಜಮಾನರು ಲಂಬುವೇ ಎಂದರು. ಎಂಟು ವರ್ಷ ಅದನ್ನು ತಿದ್ದಿ ತೀಡಿದವನು ಅವನೇ ಅಲ್ಲವೇ? ಹೇಳುವಾಗ ಸುಳ್ಳು ಹೇಳುತ್ತಿದ್ದೇನೆ ಎಂದು ಅವರಿಗೆ ಅನಿಸಲೂ ಇಲ್ಲ. ನೋಟಿಸು ಹೋಯಿತು.

ಹದಿನೆಂಟನೆಯ ದಿನ ಉತ್ತರ ಬಂತು. ವಕೀಲೆ ಫೋನು ಮಾಡಿ, ಈಗಲೇ ಬನ್ನಿ ಎಂದಷ್ಟೇ ಹೇಳಿದರು. ಉತ್ತರ ಎರಡು ಪುಟ, ಅದಕ್ಕೆ ಲಗತ್ತಿಸಿದ ಕಾಗದ ಒಂದು ಪುಟ. ನಮ್ಮ ತಂತ್ರಾಂಶದ ಮೂಲ ಬರಹ ನಿಮ್ಮ ಕಕ್ಷಿದಾರರದಲ್ಲ, ಅದನ್ನು ಬರೆದವರು ನಮಗೆ ಲಿಖಿತ ಅನುಮತಿ ಕೊಟ್ಟಿದ್ದಾರೆ ಎಂದು ಅದರಲ್ಲಿತ್ತು. ಕಾಗದದ ಕೆಳಗಿನ ಸಹಿ ಯಜಮಾನರ ನಾದಿನಿಯದು.

ಹೆಂಡತಿಯ ತಂಗಿ. ಹದಿನೆಂಟು ವರ್ಷದ ಹಿಂದೆ ಗಂಡನನ್ನು ಕಳೆದುಕೊಂಡು ಅಕ್ಕನ ಮನೆಗೆ ಬಂದವಳು. ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇಟ್ಟುಕೊಂಡು, ಪುಸ್ತಕ ನೋಡಿ ಕಲಿತು, ಹನ್ನೊಂದು ತಿಂಗಳಲ್ಲಿ ಆ ತಂತ್ರಾಂಶವನ್ನು ಕಟ್ಟಿದವಳು. ಕಾಲೇಜಿನಲ್ಲಿ ಗಣಿತ ಓದಿದ್ದಳು. ಭಾವ ತರುತ್ತಿದ್ದ ಅಂಕಿಗಳ ಹಾಳೆಗಳನ್ನು ಗೋಡೆಗೆ ಅಂಟಿಸಿಕೊಂಡು, ಲಾರಿ ಅದುರುವ ಲಯವನ್ನು ಕಂಡುಹಿಡಿದಿದ್ದಳು. ಆಮೇಲೆ ನಾಲ್ಕು ವರ್ಷ ಕಂಪನಿಗೂ ಬಂದುಹೋಗಿ ಮಾಡಿದಳು. ಅವಳಿಗೆ ಸಂಬಳದ ಪಟ್ಟಿಯೂ ಇರಲಿಲ್ಲ, ಕರಾರೂ ಇರಲಿಲ್ಲ. ಮನೆಯವಳಿಗೆ ಎಂಥ ಕರಾರು? ಕಣ್ಣು ನೋವು ಎಂದು ಹೇಳಿ ಬಿಟ್ಟಳು, ಬೇರೆ ಮನೆ ಮಾಡಿದಳು, ಮಕ್ಕಳಿಗೆ ಗಣಿತ ಹೇಳಿಕೊಡತೊಡಗಿದಳು. ಯಜಮಾನರು ಅವಳನ್ನು ಮರೆತಿರಲಿಲ್ಲ. ತಂತ್ರಾಂಶದ ಮಾತು ಬಂದಾಗ ಅವಳು ನೆನಪಾಗುತ್ತಿರಲಿಲ್ಲ, ಅಷ್ಟೆ.

"ಇದನ್ನ ನನಗೆ ಯಾಕೆ ಹೇಳ್ಲಿಲ್ಲ?" ಎಂದರು ವಕೀಲೆ.

"ಅವಳು ಮನೆಯವಳು."

"ಕಾನೂನಿಗೆ ನಾದಿನಿ ಅಂತ ಒಂದು ಹುದ್ದೆ ಇಲ್ಲ. ನೌಕರಿಯ ಕಾಗದ ಇಲ್ಲ, ಬರೆದುಕೊಟ್ಟ ಪತ್ರ ಇಲ್ಲ. ಹಾಗಿದ್ರೆ ಬರೆದವರದೇ ಆಗುತ್ತೆ. ಇಷ್ಟು ವರ್ಷ ನೀವು ಬಳಸಿದೀರಿ, ಅವರು ಸುಮ್ಮನಿದ್ದಾರೆ. ನಾಳೆ ಅವರು ಬೇಡ ಅಂದ್ರೆ ನೋಟಿಸು ನಮಗೇ ಬರುತ್ತೆ."

ಯಜಮಾನರಿಗೆ ತಲೆಯ ಮೇಲೆ ತಣ್ಣೀರು ಸುರಿದಂತಾಯಿತು. ಮೆಟ್ಟಿಲಿಳಿಯುವಾಗ ಮೊದಲು ಹುಟ್ಟಿದ ಅನುಮಾನ ವಕೀಲೆಯ ಮೇಲೆ: ಆ ಕಡೆಯವರು ಇವಳನ್ನು ಕೊಂಡುಕೊಂಡಿರಬಹುದೇ? ಬೀದಿಯ ತಿರುವಿಗೆ ಬರುವ ಹೊತ್ತಿಗೆ ಅದು ಲಂಬುವಿನ ಮೇಲಾಯಿತು. ಆ ಪಾಪದ ಹೆಂಗಸನ್ನು ಮರುಳು ಮಾಡಿ ಸಹಿ ಹಾಕಿಸಿಕೊಂಡಿದ್ದಾನೆ. ಮನೆಯ ಗೇಟು ತೆಗೆಯುವಾಗ ನಾದಿನಿಯ ಮೇಲೆ. ಒಳಗೆ ಹೆಂಡತಿ ಬಟ್ಟೆ ಮಡಚುತ್ತ ಕೂತಿದ್ದರು, ಮುಖದಲ್ಲಿ ಏನೂ ಇರಲಿಲ್ಲ. ಏನೂ ಇಲ್ಲದ ಮುಖವೇ ಅಪಾಯ.

ಮೂರು ದಿನ ಹೆಂಡತಿಯೊಂದಿಗೆ ಮಾತಾಡಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಆಕೆ ಸ್ನಾನಕ್ಕೆ ಹೋದಾಗ ಆಕೆಯ ಫೋನು ಎತ್ತಿಕೊಂಡು ತಂಗಿಗೆ ಯಾವ್ಯಾವ ದಿನ ಎಷ್ಟು ಹೊತ್ತು ಮಾತಾಡಿದ್ದಾರೆ ಎಂದು ನೋಡತೊಡಗಿದರು. ಪ್ರತಿ ಮಂಗಳವಾರ, ಪ್ರತಿ ಶುಕ್ರವಾರ. ಲಂಬು ರಾಜೀನಾಮೆ ಕೊಟ್ಟ ವಾರ ಮೂರು ಸಲ. ತಲೆ ಎತ್ತಿದರೆ ಹೆಂಡತಿ ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ಏನು ಸಿಕ್ತು?" ಎಂದರು.

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು. ಅವಳು ಸಹಿ ಹಾಕೋ ಮೊದಲೇ ನನಗೆ ಹೇಳಿದ್ದಳು."

"ನನಗೆ ಹೇಳ್ಲಿಲ್ಲ."

"ನೀವು ಯಾವತ್ತು ಕೇಳಿದ್ರಿ? ನೀವು ಕೇಳೋರಲ್ಲ, ಹುಡುಕೋರು. ಹುಡುಕಲಿ, ಸಿಗುತ್ತೆ ಅಂದ್ಕೊಂಡೆ."

ಆಕೆ ಫೋನನ್ನು ವಾಪಸು ಕೇಳಲೂ ಇಲ್ಲ. ಅದನ್ನು ಅವರ ಕೈಯಲ್ಲೇ ಬಿಟ್ಟು ಕೂದಲು ಒಣಗಿಸಲು ಮಹಡಿಗೆ ಹೋದರು. ಇಪ್ಪತ್ತೊಂಬತ್ತು ವರ್ಷದ ಸಂಸಾರದಲ್ಲಿ ಆಕೆ ಆ ದಿನ ಮಾತ್ರ ಅವರ ಬಗ್ಗೆ ತಮಾಷೆ ಮಾಡಲಿಲ್ಲ.

ಮುಂದಿನ ಭಾನುವಾರ ಯಜಮಾನರು ಖಾಲಿ ಕಚೇರಿಗೆ ಹೋಗಿ ಬಾಗಿಲು ಹಾಕಿಕೊಂಡರು. ಕಪಾಟುಗಳನ್ನೆಲ್ಲ ಕೆಡವಿದರು. ನಾದಿನಿಯ ಸಹಿಯಿರುವ ಒಂದೇ ಒಂದು ಕಾಗದ ಸಿಕ್ಕಿತು, ಯಾವುದೋ ಪ್ರಿಂಟರ್ ತಲುಪಿದ್ದಕ್ಕೆ ಕೊಟ್ಟ ರಶೀದಿ. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಕಂಪ್ಯೂಟರಿನ ಮುಂದೆ ಕೂತು, ತಾನು ಬರೆದುದೆಲ್ಲ ಕಂಪನಿಗೆ ಸೇರಿದ್ದು ಎಂದು ನಾದಿನಿ ಹೇಳುವಂತೆ ಒಂದು ಪುಟ ಟೈಪು ಮಾಡಿದರು. ಮೇಲೆ ಹದಿನೇಳು ವರ್ಷದ ಹಿಂದಿನ ತಾರೀಕು ಹಾಕಿದರು. ಸಹಿಯ ಜಾಗ ಖಾಲಿ ಬಿಟ್ಟು, ಮಡಚಿ ಜೇಬಿಗೆ ಇಟ್ಟುಕೊಂಡರು. ಏನೋ ಕೊಳೆತದ್ದನ್ನು ಹೊತ್ತು ತಿರುಗಿದಂತೆ ಎರಡು ದಿನ ಆ ಜೇಬನ್ನು ಮುಟ್ಟಿ ಮುಟ್ಟಿ ನೋಡಿಕೊಂಡರು. ಮೂರನೆಯ ದಿನ ವಕೀಲೆಯ ಎದುರು ಕೂತು, ಹಳೇ ಕಪಾಟಿನಲ್ಲಿ ಒಂದು ಕಾಗದ ಸಿಕ್ಕಿದರೆ ನಮ್ಮ ಕಡೆ ಗಟ್ಟಿಯಾಗುತ್ತದೆಯೇ ಎಂದು ಸುತ್ತಿ ಬಳಸಿ ಕೇಳಿದರು.

ವಕೀಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಈಗಾಗಲೇ ಸಿಕ್ಕಿದ್ಯೋ, ಇನ್ನು ಮೇಲೆ ಸಿಗಬೇಕೋ?"

ಆಕೆ ಅವರನ್ನು ನೋಡುತ್ತಲೇ ಇದ್ದರು. ಆ ನೋಟ ಅವರಿಗೆ ಚೆನ್ನಾಗಿ ಗೊತ್ತಿತ್ತು. ಗೇಟಿನಲ್ಲಿ ನಿಂತು, ಸಂದರ್ಶನದ ಮೇಜಿನಾಚೆ ಕೂತು, ಊಟದ ತಟ್ಟೆಯ ಮುಂದೆ ಕೂಡ, ಜೀವಮಾನವಿಡೀ ಅವರು ಬೇರೆಯವರ ಮೇಲೆ ಬೀರಿದ್ದ ನೋಟ ಅದು. ತಮ್ಮ ಮೇಲೆ ಬಿದ್ದದ್ದು ಇದೇ ಮೊದಲು. ಏನಾದರೂ ಹೇಳಿದರೆ ಅದು ಸುಳ್ಳಿನಂತೆಯೇ ಕೇಳಿಸುತ್ತದೆ ಎನಿಸಿತು. ನೀರು ಕುಡಿದು ಬರುತ್ತೇನೆಂದು ಎದ್ದು, ಕಾರಿಡಾರಿನ ಕೊನೆಯ ಕೈತೊಳೆಯುವ ಕೋಣೆಯಲ್ಲಿ ಆ ಪುಟವನ್ನು ಚೂರುಚೂರಾಗಿ ಹರಿದರು. ಚೂರುಗಳನ್ನು ಒದ್ದೆ ಮಾಡಿ, ಮುದ್ದೆ ಕಟ್ಟಿ, ಕಸದ ಬುಟ್ಟಿಯ ತಳಕ್ಕೆ ತಳ್ಳಿದರು. ವಾಪಸು ಬಂದು, ಅಂಥದ್ದೇನೂ ಇಲ್ಲ ಎಂದರು. ವಕೀಲೆ ಕನ್ನಡಕ ಹಾಕಿಕೊಂಡು, ಒಳ್ಳೇದು, ಹಾಗಾದರೆ ಹೋಗಿ ನಾದಿನಿಯವರನ್ನು ಭೇಟಿ ಮಾಡಿ, ವಕೀಲರನ್ನು ಕರೆದುಕೊಂಡು ಹೋಗಬೇಡಿ ಎಂದರು.

ನಾದಿನಿಯ ಮನೆ ಒಂದು ಔಷಧಿ ಅಂಗಡಿಯ ಮೇಲಿನ ಎರಡು ಕೋಣೆ. ಉದ್ದನೆಯ ಮೇಜಿನ ಸುತ್ತ ಏಳೆಂಟು ಮಕ್ಕಳು ಭಿನ್ನರಾಶಿ ಲೆಕ್ಕ ಮಾಡುತ್ತಿದ್ದರು. ಬಾಗಿಲಲ್ಲಿ ಭಾವನನ್ನು ಕಂಡು ಅವಳು ಗಾಬರಿಯಾಗಲಿಲ್ಲ. ಇನ್ನು ಹತ್ತು ನಿಮಿಷ ಇದೆ, ಕೂತ್ಕೊಳ್ಳಿ ಎಂದಳು. ಖಾಲಿ ಇದ್ದದ್ದು ಮಕ್ಕಳ ಬೆಂಚು. ಯಜಮಾನರು ಮೊಣಕಾಲು ಎದೆಗೆ ತಾಗುವಂತೆ ಅದರ ಮೇಲೆ ಕೂತು ಕೋಣೆಯನ್ನು ಅಳೆದರು. ಹೊಸ ಸಾಮಾನು ಏನಾದರೂ ಬಂದಿದೆಯೇ? ಲಂಬುವಿನ ಕಡೆಯಿಂದ ಏನಾದರೂ? ಹಳೆಯ ಕಪಾಟು, ತಂತಿಯ ಮೇಲೆ ಒಣಗಲು ಹಾಕಿದ ಸೀರೆ, ಗೋಡೆಯಲ್ಲಿ ಮಗ್ಗಿಯ ಪಟ. ಮಕ್ಕಳು ಹೋದ ಮೇಲೆ ಅವಳು ಎದುರಿಗೆ ಬಂದು ಕೂತಳು. ಕೂದಲು ಅರ್ಧ ಬೆಳ್ಳಗಾಗಿತ್ತು.

"ಅವರು ನಿನಗೆ ಏನು ಕೊಟ್ರು?" ಬಂದ ದಾರಿಯುದ್ದಕ್ಕೂ ಬೇರೆ ಮಾತು ಜೋಡಿಸಿಕೊಂಡು ಬಂದಿದ್ದರೂ ಬಾಯಿಂದ ಬಂದದ್ದು ಇದೇ.

"ಮಾರಿದ್ರಲ್ಲಿ ಒಂದು ಪಾಲು ಅಂದಿದಾರೆ, ಇನ್ನೂ ಬಂದಿಲ್ಲ. ಅದಕ್ಕೆ ಸಹಿ ಹಾಕಿದ್ದಲ್ಲ ಭಾವ. ಅವರಿಬ್ಬರೂ ಇಲ್ಲಿಗೆ ಬಂದು, ಇದು ನಿಮ್ಮದು ಅಂತ ಹಳೇ ಫೈಲುಗಳಲ್ಲಿ ಗೊತ್ತಾಯ್ತು, ನಾವು ಬಳಸಬಹುದಾ ಅಂತ ಕೇಳಿದ್ರು. ನಿಮ್ಮದು ಅಂತ ಅಂದೋರು ಅವರೇ ಮೊದಲು."

ನನ್ನ ಕಂಪನಿ ಬಿಟ್ಟವರು ಅವರು, ಅದು ಗೊತ್ತಿರಲಿಲ್ಲವೇ ಎಂದು ಯಜಮಾನರು ಕೇಳಿದರು. ಗೊತ್ತಿತ್ತು ಎಂದಳು. ಲಂಬು ಕಂಪನಿಯಲ್ಲಿ ಬರೆದದ್ದನ್ನು ಮುಟ್ಟಕೂಡದು, ತನ್ನ ಹಳೆಯ ಪ್ರತಿಯಿಂದಲೇ ಶುರುಮಾಡಬೇಕು ಎಂದು ಷರತ್ತು ಹಾಕಿಯೇ ಪ್ರತಿ ಕೊಟ್ಟಿದ್ದಳಂತೆ.

"ಆ ನಿವಳ?"

ಅವಳಿಗೆ ನಗು ಬಂತು. "ಅದು ತಪ್ಪು ಅಂತ ನನಗೆ ಮೊದಲ ವಾರವೇ ಗೊತ್ತಿತ್ತು. ಆ ಪ್ರಿಂಟರು ಒತ್ತಕ್ಷರ ಬಂದ್ರೆ ಸಾಲನ್ನ ಕೆಳಗೆ ತಳ್ಳೋದು, ಅಂಕಿ ಗೆರೆ ಮೇಲೆ ಕೂರೋದು. ಅಕ್ಷರ ತಪ್ಪಾದ್ರೂ ಅಂಕಿ ಸರಿ ಇರಲಿ ಅಂತ ಬಿಟ್ಟೆ. ಆಮೇಲೆ ಪ್ರಿಂಟರು ಬದಲಾಯ್ತು. ಹೇಳೋಕೆ ನಾನಿರಲಿಲ್ಲ."

ನೀನೇಕೆ ಬಿಟ್ಟುಹೋದೆ ಎಂದು ಯಜಮಾನರು ಕೇಳಿದರು. ಹದಿಮೂರು ವರ್ಷದಲ್ಲಿ ಅವಳನ್ನು ಅವರು ಕೇಳಿದ ಮೊದಲ ಪ್ರಶ್ನೆ ಅದು ಎಂದು ಅವಳೇ ಹೇಳಿದಳು. ಹೇಳಿ, ಮಕ್ಕಳು ಬಿಟ್ಟುಹೋದ ಪೆನ್ಸಿಲುಗಳನ್ನು ಜೋಡಿಸುತ್ತ ಒಂದು ಸಂಜೆಯ ಕತೆ ಹೇಳಿದಳು. ಗೇಟಿನಲ್ಲಿ ಚೀಲ ನೋಡುವ ಪದ್ಧತಿ ಶುರುವಾದ ಸಂಜೆ ಕಾವಲುಗಾರ ನಗುತ್ತ ಅವಳಿಗೆ, ನೀವು ಹೋಗಿ ಎಂದಿದ್ದ. ಯಜಮಾನರು ಮಹಡಿಯ ಕಿಟಕಿಯಿಂದ, ಎಲ್ಲರದ್ದೂ ಅಂದರೆ ಎಲ್ಲರದ್ದೂ ಎಂದು ಕೂಗಿದ್ದರು. ಅವಳು ಸಾಲಿನಲ್ಲಿ ನಿಂತು ಚೀಲ ತೆರೆದಿದ್ದಳು. ಒಳಗಿದ್ದ ನೀಲಿ ನೋಟುಬುಕ್ಕನ್ನು ಕಂಪನಿಯ ಕಾಗದ ಎಂದು ತೆಗೆದಿಟ್ಟುಕೊಂಡರು.

"ಅದು ನನ್ನ ನೋಟುಬುಕ್ಕು ಭಾವ. ಮನೆಗೆ ಬಂದು ಅದೇ ರಾತ್ರಿ ನಿಮಗೆ ಊಟ ಬಡಿಸಿದೆ. ನೀವು ಊಟ ಮಾಡಿದ್ರಿ. ಕಣ್ಣು ನೋವು ಅಂತ ನಾನು ಆಮೇಲೆ ಹೇಳಿದ್ದು."

ಯಜಮಾನರಿಗೆ ಆ ಸಂಜೆ ನೆನಪಿರಲಿಲ್ಲ. ನೆನಪಿಲ್ಲ ಎಂದರೆ ನಂಬುತ್ತಾಳೋ ಇಲ್ಲವೋ ಎಂದು ಹೆದರಿದರು. ಅವಳೇ ಮುಂದುವರಿಸಿ, ನಿಮಗೂ ಒಂದು ಕಾಗದ ಬರೆದುಕೊಡುತ್ತೇನೆ, ನಿಮ್ಮದೆಂದು ಅಲ್ಲ, ನೀವೂ ಬಳಸಬಹುದು ಎಂದು, ಅವರಿಬ್ಬರು ಒಪ್ಪಿದ ಷರತ್ತಿನ ಮೇಲೆಯೇ ಎಂದಳು. ಬದಲಿಗೆ ಮೊಕದ್ದಮೆ ಬೇಡ, ನೋಟುಬುಕ್ಕು ವಾಪಸು ಬೇಕು.

ಕಾಗದ ಮರುವಾರ ಬಂತು. ಯಜಮಾನರು ಅದನ್ನು ನಾಲ್ಕು ಸಲ ಓದಿದರು. ಎಲ್ಲೋ ಒಂದು ಗುಂಡಿ ತೋಡಿರಬೇಕು ಎಂದು ಸಾಲುಸಾಲಿಗೂ ಕಾಲಿಟ್ಟು ನೋಡಿದರು. ವಕೀಲೆಯೂ ಓದಿ, ಇಷ್ಟು ಸರಳವಾದ ಕಾಗದವನ್ನು ತಾವು ಈಚೆಗೆ ಓದಿಲ್ಲ ಎಂದರು. ನೋಟುಬುಕ್ಕು ಕಂಪನಿಯ ಕಪಾಟಿನ ಕೆಳ ಅರೆಯಲ್ಲೇ ಬಿದ್ದಿತ್ತು, ಸಹಿ ಹುಡುಕಿದ ಆ ಭಾನುವಾರ ಕಣ್ಣಿಗೆ ಬಿದ್ದರೂ ಬದಿಗಿಟ್ಟಿದ್ದರು. ಕಳಿಸುವ ಮೊದಲು ಬಿಡಿಸಿ ನೋಡಿದರು, ಅಭ್ಯಾಸ. ಪುಟಗಟ್ಟಲೆ ಅಂಕಿಗಳು, ಅಲ್ಲಲ್ಲಿ ಲಾರಿಯ ಚಿತ್ರ, ಕೊನೆಯ ಹಾಳೆಯಲ್ಲಿ ಅಕ್ಕನ ಜ್ವರಕ್ಕೆ ಯಾವ ಮಾತ್ರೆ ಎಷ್ಟು ಗಂಟೆಗೆ ಎಂಬ ಪಟ್ಟಿ. ಹಾಗೆಯೇ ಮುಚ್ಚಿ ಹೆಂಡತಿಯ ಕೈಗೆ ಕೊಟ್ಟರು.

ಆದರೆ ಯಜಮಾನರು ಪೂರ್ತಿ ಸೋಲಲಿಲ್ಲ, ಅವರ ಅನುಮಾನವೂ ಪೂರ್ತಿ ಸುಳ್ಳಾಗಲಿಲ್ಲ. ರಾಜಿಗೆ ಮೊದಲು ಎರಡೂ ತಂತ್ರಾಂಶಗಳನ್ನು ಹೊರಗಿನ ತಜ್ಞರೊಬ್ಬರು ಹೋಲಿಸಲಿ ಎಂದು ಹಟ ಹಿಡಿದಿದ್ದರು. ತಜ್ಞರ ವರದಿ ಬಂದಾಗ ಎರಡೂ ಕಡೆಯವರು ಒಂದೇ ಮೇಜಿಗೆ ಕೂತಿದ್ದರು. ಮೂಲವೆಲ್ಲ ನಾದಿನಿಯದೇ. ಹೊಸದಾಗಿ ಸೇರಿಸಿದ ಭಾಗಗಳೆಲ್ಲ ಬೇರೆ ಬೇರೆ. ಒಂದನ್ನು ಬಿಟ್ಟು. ಉದ್ದನೆಯ ಲಾರಿಗಳ ಮುಂದಿನ ಮತ್ತು ಹಿಂದಿನ ಗಾಲಿಗಳನ್ನು ಎರಡು ಹಾಸುಗಳ ಮೇಲೆ ತೂಗಿ ಕೂಡಿಸುವ ಭಾಗ ಎರಡರಲ್ಲೂ ಹೆಚ್ಚುಕಡಿಮೆ ಅಕ್ಷರಕ್ಕೆ ಅಕ್ಷರ ಒಂದೇ ಆಗಿತ್ತು. ಅದು ಲಂಬು ಸಂಬಳಕ್ಕಿದ್ದಾಗ ಬರೆದದ್ದು, ಕಂಪನಿಯ ಸೊತ್ತು.

ಲಂಬು ಮುಖ ಕೆಂಪಗೆ ಮಾಡಿಕೊಂಡ. "ತಗೊಂಡು ಹೋಗಿಲ್ಲ ಸರ್. ಹೊಸದಾಗಿ ಬರೆಯೋಕೆ ಕೂತೆ, ಕೈ ಅದನ್ನೇ ಬರೀತು. ನಾನೇ ಬರೆದಿದ್ದಲ್ವಾ ಮೊದಲು."

ಪಾನಾ ಅವನತ್ತ ತಿರುಗಿ ನೋಡಿದ ರೀತಿ ಯಜಮಾನರ ಕಣ್ಣು ತಪ್ಪಲಿಲ್ಲ. ಅವಳಿಗೂ ಇದು ಹೊಸ ಸುದ್ದಿ. ನಕಲೋ ನೆನಪೋ ತಾನು ಹೇಳಲಾರೆ ಎಂದರು ತಜ್ಞರು. ಯಜಮಾನರಿಗೆ ಅವನ ಮಾತು ನಂಬಿಕೆಯಾಗಲಿಲ್ಲ. ನಂಬದೆ ಇರಲು ಮೊದಲಿನಷ್ಟು ಧೈರ್ಯವೂ ಬರಲಿಲ್ಲ. ಆ ಭಾಗವನ್ನು ಲಂಬು ಅಲ್ಲದೆ ಬೇರೆ ಯಾರಾದರೂ ಹೊಸದಾಗಿ ಬರೆಯಬೇಕು, ಮೂರು ವರ್ಷದ ನಿರ್ಬಂಧವನ್ನು ಯಜಮಾನರು ಕೈಬಿಡಬೇಕು ಎಂದು ಬರೆದು ಎಲ್ಲರೂ ಸಹಿ ಹಾಕಿದರು. ಹೊರಡುವಾಗ ಲಂಬು ಬಾಗಿಲಲ್ಲಿ ತಲೆ ತಗ್ಗಿಸಿದ. ಅದು ನಮಸ್ಕಾರವೋ ಚೌಕಟ್ಟಿನ ಭಯವೋ ತಿಳಿಯಲಿಲ್ಲ.

ಒಂಬತ್ತು ಪುಟದ ಕರಾರನ್ನು ವಕೀಲೆ ನಾಲ್ಕಕ್ಕೆ ಇಳಿಸಿದರು. ಗೇಟಿನ ತಪಾಸಣೆ ನಿಂತಿತು. ಕಾವಲುಗಾರನಿಗೆ ಸಂಜೆ ಮಾಡಲು ಏನೂ ಕೆಲಸವಿಲ್ಲದಂತಾಗಿ, ಹೋಗುವವರಿಗೆಲ್ಲ ಹವಾಮಾನದ ಸುದ್ದಿ ಹೇಳತೊಡಗಿದ. ಯಜಮಾನರು ಬದಲಾದರು ಎಂದು ಹೇಳಿದರೆ ಅವರ ಹೆಂಡತಿಯೇ ಒಪ್ಪುವುದಿಲ್ಲ. ಚಿಲಕವನ್ನು ಈಗಲೂ ಎರಡು ಸಲ ಎಳೆಯುತ್ತಾರೆ. ಆದರೆ ಆಕೆಯ ಫೋನನ್ನು ಮುಟ್ಟುವುದಿಲ್ಲ. ತಂಗಿ ಹೇಗಿದ್ದಾಳೆ ಎಂದು ಶುಕ್ರವಾರ ಬಾಯಿಬಿಟ್ಟು ಕೇಳುತ್ತಾರೆ. ಚೆನ್ನಾಗಿದ್ದಾಳೆ ಎನ್ನುತ್ತಾರೆ ಆಕೆ. ಅದಕ್ಕಿಂತ ಹೆಚ್ಚು ಹೇಳುವುದಿಲ್ಲ. ನಾದಿನಿ ಆ ಮನೆಗೆ ಇನ್ನೂ ಬಂದಿಲ್ಲ.

ಲಂಬುವಿನ ಜಾಗಕ್ಕೆ ಒಬ್ಬಳು ಹುಡುಗಿ ಸಿಕ್ಕಿದಳು. ಮೊದಲ ದಿನ ನಾಲ್ಕು ಪುಟದ ಕರಾರು ಮುಂದಿಟ್ಟಾಗ ಅವಳು ಪೆನ್ನು ಎತ್ತಿಕೊಳ್ಳಲಿಲ್ಲ. ಮನೆಗೆ ತೆಗೆದುಕೊಂಡು ಹೋಗಿ ಓದಿ ಬರುತ್ತೇನೆ ಎಂದಳು. ಯಜಮಾನರ ಅನುಮಾನ ತಲೆಯೆತ್ತಿತು. ಯಾರಿಗೆ ತೋರಿಸುತ್ತಾಳೆ? ಏನು ಹುಡುಕುತ್ತಾಳೆ? ಎರಡು ದಿನ ಮೇಜಿನ ಮೇಲಿನ ಫೋನನ್ನೇ ನೋಡುತ್ತ ಕಳೆದರು. ಮೂರನೆಯ ದಿನ ಅವಳು ಬಂದು, ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದ್ದ ಪುಟಗಳನ್ನು ಹರಡಿ ಮೂರು ಪ್ರಶ್ನೆ ಕೇಳಿದಳು. ಇಲ್ಲಿಗೆ ಸೇರುವ ಮೊದಲೇ ತಾನು ಬರೆದಿಟ್ಟಿರುವ ಸಣ್ಣಪುಟ್ಟ ತಂತ್ರಾಂಶಗಳನ್ನು ಕೆಲಸಕ್ಕೆ ಬಳಸಿದರೆ ಅವು ಯಾರದಾಗುತ್ತವೆ ಎಂಬುದು ಮೂರನೆಯದು.

ಮೊದಲೆರಡಕ್ಕೆ ಯಜಮಾನರ ಬಳಿ ಉತ್ತರವಿತ್ತು. ಮೂರನೆಯದಕ್ಕೆ ಇರಲಿಲ್ಲ. ಗೊತ್ತಿಲ್ಲ ಎಂದು ಹೇಳಿ, ಅವಳೆದುರಿಗೇ ವಕೀಲೆಗೆ ಫೋನು ಹಚ್ಚಿದರು.